ಒಂದು ತಿರುಪು, ಎರಡು ತಂತಿ

ಮನೆಯ ಗೋಡೆಯೊಳಗೆ ಏನಿದೆಯೆಂದು ಕೇಳಿದರೆ, ಇಟ್ಟಿಗೆ ಇದೆ, ಗಾರೆ ಇದೆ ಎಂದು ನಾವು ಉತ್ತರ ಕೊಡುತ್ತೇವೆ. ಅದರೊಳಗೆ ಇನ್ನೊಂದು ಸಂಸಾರವೂ ಸದ್ದಿಲ್ಲದೆ ನಡೆಯುತ್ತಿದೆಯೆಂಬುದು ನಮ್ಮ ನೆನಪಿಗೆ ಬರುವುದು ದೀಪ ಆರಿದಾಗ ಮಾತ್ರ. ಆಗ ಕತ್ತಲಲ್ಲಿ ತಡವರಿಸುತ್ತ ಹೋಗಿ, ಬಾಗಿಲ ಹಿಂದೆಯೋ ಮೆಟ್ಟಿಲ ಕೆಳಗೋ ಇರುವ ಸಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಕೆಳಕ್ಕೆ ಬಿದ್ದಿರುವ ಗುಂಡಿಯನ್ನು ಮೇಲಕ್ಕೆತ್ತಿ, ದೀಪ ಬಂದೊಡನೆ ಮುಚ್ಚಳ ಹಾಕಿ ಹಿಂತಿರುಗುತ್ತೇವೆ. ಬಿದ್ದದ್ದು ಏಕೆ ಬಿತ್ತೆಂದು ಕೇಳುವುದಿಲ್ಲ. ಎತ್ತಿದರೆ ನಿಂತಿತಲ್ಲ, ಅಷ್ಟು ಸಾಕು. ನಾನೂ ಬಹುಕಾಲ ಹಾಗೆಯೇ ಇದ್ದವನು. ಹಳಗನ್ನಡದ ಒಂದು ಪದದ ಸಂಧಿಯನ್ನು ಬಿಡಿಸಲು ತರಗತಿಯಲ್ಲಿ ಅರ್ಧ ಗಂಟೆ ವ್ಯಯಿಸಲು ಹಿಂಜರಿಯದ ನಾನು, ನನ್ನ ಮನೆಯ ಗೋಡೆಯಲ್ಲಿದ್ದ ಒಂದು ಸಂಧಿಯ ಕಡೆಗೆ ಕಣ್ಣೆತ್ತಿ ನೋಡಿರಲಿಲ್ಲ. ಆ ಸಂಧಿಯ ವಿಚಾರವೇ ಈ ಲೇಖನ.

೨೦೨೩ರ ಆಷಾಢ ಮಾಸ. ಮೈಸೂರಿನಲ್ಲಿ ಬೆಳಗಿನ ಕುಳಿರ್ಗಾಳಿ ತೊಡಗಿತ್ತು. ನನ್ನ ತಾಯಿಯವರಿಗೆ ಎಪ್ಪತ್ತು ದಾಟಿದೆ. ಹಿತ್ತಲಿನ ಹಂಡೆಯಿಂದ ಬಿಸಿನೀರು ತೋಡಿ ತರುವುದು ಅವರಿಗೆ ಕಷ್ಟವಾಗಿತ್ತು. ಅವರ ಕೋಣೆಗೆ ಸೇರಿದ ಬಚ್ಚಲಿಗೆ ೨೦೦೦ ವ್ಯಾಟಿನ ಒಂದು ಗೀಸರನ್ನು ಹಾಕಿಸುವುದೆಂದು ನಿಶ್ಚಯಿಸಿದೆವು. ಕೆಲಸಕ್ಕೆ ಬಂದ ತರುಣ ಚುರುಕಾದವನು. ಗೀಸರಿನಿಂದ ಹೊಸ ತಂತಿಯನ್ನು ಎಳೆದುಕೊಂಡು ಪೆಟ್ಟಿಗೆಯವರೆಗೂ ತಂದ. ಅಲ್ಲಿ ನೋಡಿದರೆ ಜಾಗವಿಲ್ಲ. ಇದ್ದ ಆರು ಖಾನೆಗಳಲ್ಲೂ ಆರು ಬ್ರೇಕರುಗಳು ಕುಳಿತಿದ್ದವು.

"ಸಾರ್, ಪೆಟ್ಟಿಗೆ ದೊಡ್ಡದು ಹಾಕಬೇಕಾಗುತ್ತೆ. ಇಲ್ಲಾಂದ್ರೆ ಅಡಿಗೆಮನೆ ಬ್ರೇಕರಿಗೇ ಇದನ್ನೂ ಸೇರಿಸಿಬಿಡಬಹುದು" ಎಂದ.

ದೊಡ್ಡ ಪೆಟ್ಟಿಗೆಯೆಂದರೆ ಗೋಡೆ ಒಡೆಯಬೇಕು, ಗಾರೆ ಮೆತ್ತಬೇಕು, ಬಣ್ಣ ಬಳಿಯಬೇಕು, ಇನ್ನೊಂದು ದಿನದ ಕೂಲಿ ತೆರಬೇಕು. "ಸೇರಿಸಿಬಿಡಪ್ಪ" ಎಂದೆ. ಅವನು ಅಡಿಗೆಮನೆಯ ಬ್ರೇಕರಿನ ತಿರುಪನ್ನು ಸಡಿಲಿಸಿ, ಅಲ್ಲಿದ್ದ ತಂತಿಯ ಪಕ್ಕದಲ್ಲಿಯೇ ಹೊಸ ತಂತಿಯ ತುದಿಯನ್ನೂ ತುರುಕಿ, ತಿರುಪನ್ನು ಬಿಗಿದು ಹೋದ. ತಾಯಿಯವರಿಗೆ ಬಿಸಿನೀರು ಬಂತು. ನನಗೆ ಖರ್ಚು ಉಳಿಯಿತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಬ್ರೇಕರು ಬೀಳತೊಡಗಿತು. ಗೀಸರ್ ನಡೆಯುತ್ತಿರುವಾಗ ಇಂಡಕ್ಷನ್ ಒಲೆಯ ಮೇಲೆ ಹಾಲಿಟ್ಟು, ಕೆಟಲಿನಲ್ಲಿ ನೀರಿಟ್ಟು, ಚಟ್ನಿಗೆಂದು ಮಿಕ್ಸಿ ತಿರುಗಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಟಕ್ಕೆಂಬ ಸದ್ದು. ಕೆಲವು ದಿನ ಒಲೆ, ಗೀಸರ್ ಎರಡೇ ನಡೆಯುತ್ತಿದ್ದರೂ ಅದೇ ಸದ್ದು. ಕಾಲೇಜಿಗೆ ಹೊರಡುವ ಹೊತ್ತಿನಲ್ಲಿ ಇದಾದರೆ ಯಾರಿಗೆ ತಾಳ್ಮೆ ಉಳಿದೀತು? ಅದೇ ತರುಣನನ್ನು ಕರೆಸಿ, "ಇದು ಪದೇ ಪದೇ ಬೀಳದ ಹಾಗೆ ಏನಾದರೂ ಮಾಡು" ಎಂದೆ. ಅವನು ೧೬ ಆಂಪಿಯರಿನ ಬ್ರೇಕರನ್ನು ಕಿತ್ತು, ಆ ಎರಡು ತಂತಿಗಳನ್ನೂ ಹಾಗೆಯೇ ೩೨ ಆಂಪಿಯರಿನ ಇನ್ನೊಂದಕ್ಕೆ ಸೇರಿಸಿದ. ಆಮೇಲೆ ಅದು ಬೀಳಲಿಲ್ಲ. ಒಳ್ಳೆಯ ಕೆಲಸಗಾರನೆಂದು ಅವನನ್ನು ನೆರೆಯವರ ಮುಂದೆಯೂ ಹೊಗಳಿದೆ.

ಮಾರನೆಯ ವರ್ಷ, ಯುಗಾದಿಗೆ ಇನ್ನೂ ಎಂಟು ದಿನವಿರುವಾಗ, ತಾಯಿಯವರು "ಏನೋ ಕಮಟು ವಾಸನೆ ಬರ್ತಿದೆ ಕಣೋ, ಮೀನಿನ ಹಾಗೆ" ಎಂದರು. ಮೀನು ಬಾರದ ಮನೆಯಲ್ಲಿ ಮೀನಿನ ವಾಸನೆಯೆಲ್ಲಿಂದ ಬಂತೆಂದು ನಾವು ನಕ್ಕೆವು. ಮರುದಿನವೂ ಅದೇ ಮಾತು. ಚರಂಡಿಯಿಂದ ಬಂದಿರಬೇಕೆಂದು ಸಮಾಧಾನ ಹೇಳಿದೆ. ಮೂರನೆಯ ಬೆಳಗ್ಗೆ ಅವರು ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಒಂದು ಕಡೆ, ಆಗತಾನೆ ಇಳಿಸಿದ ಕಾಫಿ ಲೋಟದಷ್ಟು ಬಿಸಿ. ಮೇನ್ ಸ್ವಿಚ್ಚನ್ನು ಆರಿಸಿ, ಪಕ್ಕದ ಬೀದಿಯಲ್ಲಿದ್ದ, ಪರವಾನಗಿ ಪಡೆದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಮಾಡಿದ ಹಿರಿಯ ವೈರ್‌ಮನ್ ಒಬ್ಬರನ್ನು ಕರೆತಂದೆ.

ಅವರು ಮುಚ್ಚಳ ಬಿಚ್ಚಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಅಡಿಗೆಮನೆಯ ತಂತಿಯ ಕೆಂಪು ಹೊದಿಕೆ ತಿರುಪಿನಿಂದ ಎರಡು ಅಂಗುಲದವರೆಗೆ ಕಂದಿ ಗಟ್ಟಿಯಾಗಿತ್ತು. ಬ್ರೇಕರಿನ ಮೂಲೆ ಉಬ್ಬಿ ಕಪ್ಪಾಗಿತ್ತು. ಟೆಸ್ಟರಿನಿಂದ ಮುಟ್ಟಿ ನೋಡಿ, ವಿದ್ಯುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ತಿರುಪು ಬಿಗಿಯಾಗಿಯೇ ಇತ್ತು; ತಂತಿ ಮಾತ್ರ ಕೈಗೇ ಬಂತು.

"ಮೇಷ್ಟ್ರೇ, ಈ ಬ್ರೇಕರು ಯಾರನ್ನ ಕಾಯೋದಕ್ಕೆ ಇರೋದು, ಹೇಳಿ?" ಎಂದು ಕೇಳಿದರು.

"ನಮ್ಮನ್ನು."

"ಅಲ್ಲ."

"ಹಾಗಾದರೆ ಗೀಸರು, ಮಿಕ್ಸಿ..."

"ಅದೂ ಅಲ್ಲ. ಗೋಡೆಯೊಳಗಿರೋ ತಂತೀನ. ತಂತಿ ನೆಟ್ಟಗಿದ್ದರೆ ಮನೆ ನೆಟ್ಟಗಿರುತ್ತೆ."

ವಿದ್ಯಾರ್ಥಿಗಳಿಗೆ ಪ್ರಶ್ನೆ ಹಾಕಿ ಅಭ್ಯಾಸವಾದ ನನಗೆ ಎರಡು ಉತ್ತರಗಳೂ ತಪ್ಪಾದುದು ನಾಚಿಕೆಯ ವಿಷಯವೇ. ಆದರೆ ಅಂದು ಅವರಿಂದಲೂ, ಆಮೇಲೆ ಕೆಲವು ಗ್ರಂಥಗಳಿಂದಲೂ ನಾನು ಕಲಿತದ್ದನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯವೆಂದು ತೋರುತ್ತದೆ. ನನ್ನಂತೆಯೇ "ಸೇರಿಸಿಬಿಡಪ್ಪ" ಎಂದವರು ನಮ್ಮಲ್ಲಿ ಕಡಮೆಯೇನಿಲ್ಲ.

ಪಠ್ಯಪುಸ್ತಕಗಳಲ್ಲಿ ವಿದ್ಯುತ್ತಿನ ದಾರಿಯನ್ನು 'ಮಂಡಲ'ವೆಂದು ಕರೆಯುತ್ತಾರೆ. ಇದು ಒಳ್ಳೆಯ ಹೆಸರು. ಹೋದ ವಿದ್ಯುತ್ತು ಸುತ್ತಿ ಹಿಂದಕ್ಕೆ ಬರಲೇಬೇಕು, ಬಾರದಿದ್ದರೆ ದೀಪವಿಲ್ಲ. ನಮ್ಮ ಮನೆಗಳಿಗೆ ಅದು ೨೩೦ ವೋಲ್ಟಿನ ಒತ್ತಡದಲ್ಲಿ ಬರುತ್ತದೆ. ಒಂದು ಉಪಕರಣದ ವ್ಯಾಟನ್ನು ಈ ೨೩೦ರಿಂದ ಭಾಗಿಸಿದರೆ, ಅದು ಎಷ್ಟು ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆಂಬುದು ಸರಿಸುಮಾರಾಗಿ ತಿಳಿಯುತ್ತದೆ. ಪ್ರವಾಹ ಹರಿದ ತಂತಿಯು ಬಿಸಿಯಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿಯಾಗುತ್ತದೆ. ತಾಮ್ರವು ಈ ಬಿಸಿಯನ್ನು ತಾಳಬಲ್ಲುದು. ಅದರ ಮೇಲಣ ಪಿ.ವಿ.ಸಿ. ಹೊದಿಕೆ ತಾಳಲಾರದು. ಆದುದರಿಂದ ಒಂದೊಂದು ಗಾತ್ರದ ತಂತಿಗೂ ಇಷ್ಟೇ ಆಂಪಿಯರ್ ಎಂಬ ಮಿತಿಯುಂಟು. ದೀಪ, ಫ್ಯಾನುಗಳಿಗೆ ಸಾಮಾನ್ಯವಾಗಿ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ, ಅಡಿಗೆಮನೆಯಂಥ ಕಡೆಗಳಿಗೆ ೨.೫, ಹೆಚ್ಚಿನ ಹೊರೆಗೆ ೪. ಗೋಡೆಯ ಪೈಪಿನೊಳಗೆ ಗಾಳಿಯಿಲ್ಲದೆ ಮಲಗಿರುವ ೨.೫ರ ತಂತಿಯು ಇಪ್ಪತ್ತರ ಆಸುಪಾಸಿನ ಆಂಪಿಯರನ್ನು ನಿರಾಯಾಸವಾಗಿ ಹೊರುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಹೊದಿಕೆ ದಿನದಿನಕ್ಕೆ ಬೆಂದು ಪುಡಿಯಾಗುತ್ತದೆ. ಅದನ್ನು ನೋಡುವವರು ಯಾರು? ಗೋಡೆಯನ್ನು ಒಡೆದು ನೋಡುವಂತಿಲ್ಲ.

ನೋಡಲಾಗದ ಈ ತಂತಿಯ ಪರವಾಗಿ ನಿಂತ ಕಾವಲುಗಾರನೇ ಬ್ರೇಕರು. ಅದರೊಳಗೆ ಎರಡು ಬಗೆಯ ಎಚ್ಚರವುಂಟು. ಎರಡು ಬೇರೆ ಬೇರೆ ಲೋಹದ ತಗಡುಗಳನ್ನು ಬೆಸೆದ ಪಟ್ಟಿಯೊಂದಿದೆ. ಹೆಚ್ಚು ಪ್ರವಾಹ ಹರಿದರೆ ಅದು ಕಾದು, ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚಾಗಿ ಹಿಗ್ಗುವುದರಿಂದ ಬಾಗಿ, ಕೊಂಡಿಯನ್ನು ಕಳಚುತ್ತದೆ. ಇದು ನಿಧಾನದ ಎಚ್ಚರ. ಇನ್ನೊಂದು ತಂತಿಯ ಸುರುಳಿ. ಎರಡು ತಂತಿಗಳು ನೇರವಾಗಿ ತಾಕಿ ಪ್ರವಾಹ ಒಮ್ಮೆಗೇ ನುಗ್ಗಿದರೆ, ಅದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಕೊಂಡಿಯನ್ನು ಸೆಳೆಯುತ್ತದೆ. ಈ ಎರಡನ್ನೂ ಒಂದು ಪುಟ್ಟ ಡಬ್ಬಿಯೊಳಗೆ ಕೂಡಿಸಿದ ಕೀರ್ತಿ ಜರ್ಮನಿಯ ಮ್ಯಾನ್‌ಹೈಮ್ ನಗರದ ಹ್ಯೂಗೋ ಸ್ಟಾಟ್ಸ್ ಎಂಬ ಉದ್ಯಮಿಯ ಕಾರ್ಖಾನೆಗೆ ಸಲ್ಲುತ್ತದೆ. ಅದು ನಡೆದದ್ದು ೧೯೨೪ರಲ್ಲಿ.

ಬ್ರೇಕರಿನ ಹಣೆಯ ಮೇಲೆ ಬರೆದ ೧೬, ೩೨ ಎಂಬ ಸಂಖ್ಯೆಗಳು ಎಷ್ಟು ಆಂಪಿಯರನ್ನು ಅದು ಸದಾ ಬಿಡಬಹುದೆಂಬುದನ್ನು ಹೇಳುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹದಿನಾರು ದಾಟಿದೊಡನೆ ಹದಿನಾರರ ಬ್ರೇಕರು ಬೀಳುವುದಿಲ್ಲ. ಮಾನಕಗಳ ಪ್ರಕಾರ, ಬರೆದ ಸಂಖ್ಯೆಯ ೧.೧೩ ಪಾಲಿನವರೆಗೆ ಅದು ಒಂದು ಗಂಟೆ ಕಳೆದರೂ ಬೀಳಕೂಡದು, ೧.೪೫ ಪಾಲು ಮುಟ್ಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ ೧೬ರ ಬ್ರೇಕರು ೧೮ ಆಂಪಿಯರನ್ನು ಸಹಿಸುತ್ತದೆ. ೨೩ನ್ನು ಹೆಚ್ಚು ಹೊತ್ತು ಸಹಿಸುವುದಿಲ್ಲ. ೩೨ರದಾದರೋ ೩೬ ಆಂಪಿಯರನ್ನು ನಿಶ್ಚಿಂತೆಯಿಂದ ಬಿಡುತ್ತದೆ.

ಈಗ ನಮ್ಮ ಅಡಿಗೆಮನೆಯ ಲೆಕ್ಕವನ್ನು ಹಾಕೋಣ. ಗೀಸರಿನ ೨೦೦೦ ವ್ಯಾಟಿಗೆ ೮.೭ ಆಂಪಿಯರ್. ಒಲೆಯ ೧೮೦೦ಕ್ಕೆ ೭.೮. ಕೆಟಲಿನ ೧೫೦೦ಕ್ಕೆ ೬.೫. ಮಿಕ್ಸಿಯ ೭೫೦ಕ್ಕೆ ೩.೩. ಒಟ್ಟು ೨೬ಕ್ಕೂ ಮಿಗಿಲು. ಎಲ್ಲವೂ ಕೂಡಿ ನಡೆದ ಬೆಳಗ್ಗೆ ೧೬ರ ಬ್ರೇಕರು ಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದು ತನ್ನ ಕೆಲಸವನ್ನು ಮಾಡಿತು. ನಾನು ಮಾಡಿಸಿದ್ದಾದರೂ ಏನು? ಕಾವಲುಗಾರನನ್ನು ಬದಲಾಯಿಸಿ, ಕಾಯಬೇಕಾದ ತಂತಿಯನ್ನು ಹಾಗೆಯೇ ಬಿಟ್ಟೆ. ಇಪ್ಪತ್ತನ್ನು ಹೊರಬಲ್ಲ ತಂತಿಗೆ ಮೂವತ್ತಾರನ್ನು ಬಿಡುವ ಕಾವಲು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯನ್ನು ನೂರು ಸಲ ತರಗತಿಯಲ್ಲಿ ಹೇಳಿದ್ದೇನೆ. ನನ್ನ ಮೆಟ್ಟಿಲ ಕೆಳಗೆ ಅದು ತೂಗುತ್ತಿದ್ದುದು ತಿಳಿಯಲಿಲ್ಲ.

ಈ ತಪ್ಪು ನಮ್ಮ ಮನೆಗೆ ಹೊಸದೂ ಅಲ್ಲ. ನಾನು ಹುಡುಗನಾಗಿದ್ದಾಗ ನಮ್ಮಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು ಇತ್ತು. ಫ್ಯೂಸ್ ಹೋದರೆ ತಂದೆಯವರು ಮೇಣದ ಬತ್ತಿಯ ಬೆಳಕಿನಲ್ಲಿ ಅದನ್ನು ಕಿತ್ತು ತಂದು, ಹಳೆಯ ವೈರಿನಿಂದ ತಾಮ್ರದ ಎಳೆಯನ್ನು ಬಿಡಿಸಿ ಸುತ್ತುತ್ತಿದ್ದರು. ಒಂದೆಳೆ ಸುತ್ತಿದರೆ ಮತ್ತೆ ಹೋಗುತ್ತದೆಂದು ಮೂರೆಳೆ ಸುತ್ತುತ್ತಿದ್ದರು. "ಇನ್ನು ಹೋಗೋದಿಲ್ಲ ನೋಡು" ಎನ್ನುವಾಗ ಅವರ ಮುಖದಲ್ಲಿದ್ದ ತೃಪ್ತಿ ನನಗೆ ಇಂದಿಗೂ ನೆನಪಿದೆ. ಕರಗಿ ಹೋಗುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಕರಗದಂತೆ ಮಾಡುವುದು ಜಾಣತನವೆಂದು ನಾವಿಬ್ಬರೂ ನಂಬಿದ್ದೆವು. ಅವರ ಮೂರೆಳೆಯೇ ನನ್ನ ಕೈಯಲ್ಲಿ ಮೂವತ್ತೆರಡಾಯಿತು.

ಇಷ್ಟಾದರೂ ಅಂದು ಪೆಟ್ಟಿಗೆ ಕಾದದ್ದು ಗೋಡೆಯೊಳಗಿನ ತಂತಿಯ ಹೊರೆಯಿಂದಲ್ಲ. ಗೀಸರಿನ ಪ್ರವಾಹ ಗೀಸರಿನ ತಂತಿಯಲ್ಲಿ, ಅಡಿಗೆಮನೆಯ ಪ್ರವಾಹ ಅಡಿಗೆಮನೆಯ ತಂತಿಯಲ್ಲಿ, ಎರಡೂ ತಮ್ಮ ಮಿತಿಯೊಳಗೇ ಹರಿಯುತ್ತಿದ್ದವು. ಕೆಟ್ಟದ್ದು ಅವೆರಡೂ ಕೂಡುವ ತಿರುಪಿನಲ್ಲಿ. ಹೊಸ ತಂತಿ ೪ರದು, ದಪ್ಪ, ಹಳೆಯದು ೨.೫ರದು, ಸಣ್ಣ. ತಿರುಪನ್ನು ಬಿಗಿದಾಗ ಅದರ ಬಲವೆಲ್ಲ ದಪ್ಪ ತಂತಿಯ ಮೇಲೆ ಬಿದ್ದಿತು. ಪಕ್ಕದಲ್ಲಿದ್ದ ಸಣ್ಣದು ಸಂದಿನಲ್ಲಿ ಸುಮ್ಮನೆ ಒರಗಿ ನಿಂತಿತು. ಕೈಗೆ ತಿರುಪು ಬಿಗಿ, ಕಣ್ಣಿಗೆ ಕೆಲಸ ಅಚ್ಚುಕಟ್ಟು. ಆದರೆ ಲೋಹಕ್ಕೆ ಲೋಹ ಅದುಮಿ ಕೂಡದ ಕಡೆ ಪ್ರವಾಹಕ್ಕೆ ತಡೆ ಹುಟ್ಟುತ್ತದೆ. ತಡೆಯಿದ್ದಲ್ಲಿ ಬಿಸಿ. ಬೆಳಗ್ಗೆ ಕಾದು ಹಿಗ್ಗಿದ ತಾಮ್ರ ಮಧ್ಯಾಹ್ನ ತಣಿದು ಕುಗ್ಗುತ್ತದೆ. ದಿನವೂ ಹೀಗಾಗಿ ಹಿಡಿತ ಇನ್ನಷ್ಟು ಸಡಿಲುತ್ತದೆ. ಕಾದ ತಾಮ್ರದ ಮೇಲೆ ಕಿಲುಬು ಕಟ್ಟಿ ತಡೆ ಇನ್ನಷ್ಟು ಬೆಳೆಯುತ್ತದೆ. ಸಡಿಲು ಬಿಸಿಯನ್ನೂ ಬಿಸಿ ಸಡಿಲನ್ನೂ ಸಾಕಿಕೊಂಡು ಹೋಗುತ್ತವೆ.

ಎಷ್ಟು ಬಿಸಿ? ಆ ಸಂದಿನ ತಡೆ ಒಂದು ಓಮಿನ ಹತ್ತನೆಯ ಒಂದು ಪಾಲೆಂದು ಭಾವಿಸೋಣ. ಒಲೆ, ಕೆಟಲ್, ಮಿಕ್ಸಿ ಮೂರೂ ಕೂಡಿ ೧೭ ಆಂಪಿಯರಿಗೂ ಮಿಗಿಲಾಗಿ ಹರಿದಾಗ ಅಲ್ಲಿ ಹುಟ್ಟುವ ಶಾಖ ಸುಮಾರು ೩೦ ವ್ಯಾಟ್. ರೇಡಿಯೋ ರಿಪೇರಿ ಮಾಡುವವರು ಸೀಸ ಕರಗಿಸಿ ಬೆಸುಗೆ ಹಾಕುವ ಸಣ್ಣ ಕಾವುಗೋಲಿನ ಶಾಖವೂ ಹೆಚ್ಚುಕಡಮೆ ಅಷ್ಟೆ. ಅಂಥದೊಂದನ್ನು ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳ ಹಾಕಿ, ದಿನವೂ ಬೆಳಗ್ಗೆ ಉರಿಸುತ್ತಿದ್ದೆವು. ಗೋಡೆಯ ಆಚೆ ಬದಿಯಲ್ಲಿ ತಾಯಿಯವರ ಮಂಚ.

ಬ್ರೇಕರು ಇದನ್ನೇಕೆ ತಡೆಯಲಿಲ್ಲ? ಅದು ಎಣಿಸುವುದು ತನ್ನ ಮೂಲಕ ಹರಿದ ಪ್ರವಾಹವನ್ನು ಮಾತ್ರ. ಸಡಿಲ ಸಂಧಿಯಲ್ಲಿ ಪ್ರವಾಹ ಹೆಚ್ಚುವುದಿಲ್ಲ, ಬಿಸಿ ಹೆಚ್ಚುತ್ತದೆ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿಯೆಂಬವನಿರುತ್ತಿದ್ದ. ತೂಬಿನಿಂದ ಯಾವ ಗದ್ದೆಗೆ ಎಷ್ಟು ನೀರು ಹೋಗಬೇಕೆಂಬುದು ಅವನ ಲೆಕ್ಕ. ತೂಬಿನ ನೀರು ಅಳತೆಗೆ ಸರಿಯಾಗಿ ಹರಿಯುತ್ತಿರುವಾಗಲೇ ಏರಿಯಲ್ಲಿ ಒಂದು ಏಡಿಯ ಬಿಲವಿದ್ದರೆ, ತೂಬನ್ನು ಎಷ್ಟು ನೋಡಿದರೂ ಅದು ತಿಳಿಯದು. ನಮ್ಮ ಬ್ರೇಕರು ತೂಬಿನ ಬಳಿ ನಿಂತ ನೀರುಗಂಟಿ. ಎರಡು ತಂತಿಯ ಸಂಧಿ ಏರಿಯ ಏಡಿಬಿಲ.

ಆದರೆ ಹಿರಿಯರು ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. "ಒಲೆ, ಗೀಸರು ಎರಡೇ ಇದ್ದಾಗಲೂ ಹಳೇ ಬ್ರೇಕರು ಬೀಳ್ತಿತ್ತು ಅಂದ್ರಲ್ಲ? ಎರಡೂ ಸೇರಿದರೆ ಹದಿನಾರೂವರೆ. ಅಷ್ಟಕ್ಕೆ ಅದು ಬೀಳಬಾರದು. ತಿರುಪಿನ ಬಿಸಿ ಒಳಗಿನ ಪಟ್ಟಿಗೆ ತಾಕಿರಬೇಕು." ಕಾಣಲಾಗದ ಏಡಿಬಿಲವನ್ನು ಆ ಬಡ ನೀರುಗಂಟಿ ಹೇಗೋ ಕಾಲಿನ ತೇವದಿಂದ ಅರಿತು ಕೂಗಿಕೊಂಡಿತ್ತು. ಹಾಲು ಕಾಯುವುದು ತಡವಾಯಿತೆಂದು ನಾನು ಅದರ ಬಾಯಿಯನ್ನು ಮುಚ್ಚಿಸಿದೆ.

ಹಾಗಾದರೆ ಒಂದು ಬ್ರೇಕರಿಗೆ ಒಂದಕ್ಕಿಂತ ಹೆಚ್ಚು ತಂತಿಯನ್ನು ಸೇರಿಸುವುದೇ ತಪ್ಪೆ? ಹಾಗೆ ಹೇಳಿದರೆ ಅದೂ ಅರೆತಿಳಿವಿನ ಮಾತಾದೀತು. ಒಂದು ಬ್ರೇಕರಿನ ಆಶ್ರಯದಲ್ಲಿ ಅನೇಕ ದೀಪಗಳಿರುವುದು ಸಹಜ. ೨೦೧೧ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ದೀಪ, ಫ್ಯಾನು, ಸಣ್ಣ ಸಾಕೆಟ್ಟುಗಳು ಕೂಡಿ ಒಂದು ಮಂಡಲದಲ್ಲಿ ಹತ್ತು ಬಿಂದುಗಳು, ೮೦೦ ವ್ಯಾಟ್ ಎಂಬ ಎಲ್ಲೆಯನ್ನು ಹಾಕಿಕೊಟ್ಟಿತು. ದೊಡ್ಡ ಸಾಕೆಟ್ಟುಗಳಾದರೆ ಒಂದು ಮಂಡಲಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ತಾಮ್ರದ ಅಭಾವವಿದ್ದ ಇಂಗ್ಲೆಂಡಿನಲ್ಲಿ, ತಂತಿಯೊಂದು ಪೆಟ್ಟಿಗೆಯಿಂದ ಹೊರಟು ಕೋಣೆಗಳ ಸಾಕೆಟ್ಟುಗಳನ್ನೆಲ್ಲ ಸುತ್ತಿ ಮರಳಿ ಪೆಟ್ಟಿಗೆಗೇ ಬರುವ ಉಂಗುರದ ಪದ್ಧತಿಯು ಬಂತು. ಅಲ್ಲಿ ಉಂಗುರದ ಎರಡು ತುದಿಗಳೂ ಒಂದೇ ತಿರುಪಿನ ಕೆಳಗೆ ಸೇರುತ್ತವೆ. ಆದರೆ ಅವು ಒಂದೇ ಗಾತ್ರದವು, ಒಂದೇ ಹೊರೆಯನ್ನು ಹಂಚಿಕೊಂಡವು. ಅದು ಮೊದಲೇ ಯೋಚಿಸಿ ಮಾಡಿದ ಏರ್ಪಾಡು. ಅಮೆರಿಕದಲ್ಲಿ ಒಂದು ತಿರುಪಿಗೆ ಒಂದೇ ತಂತಿಯೆಂಬುದು ನಿಯಮ. ಎರಡಕ್ಕೆಂದು ಗುರುತು ಮಾಡಿದ್ದರೆ ಮಾತ್ರ ಎರಡು. ಅಂಥ ಕೆಲವು ಬ್ರೇಕರುಗಳಲ್ಲಿ ಎರಡು ತಂತಿಗಳಿಗೂ ಬೇರೆ ಬೇರೆ ಗಾಡಿಯುಳ್ಳ ತಗಡನ್ನು ತಯಾರಕರೇ ಇಟ್ಟಿರುತ್ತಾರೆ.

ಇದರಿಂದ ತಿಳಿಯಬೇಕಾದುದು ಮೂರು ಪ್ರಶ್ನೆಗಳು. ಕೂಡಿದ ಹೊರೆ ಎಷ್ಟು? ಬ್ರೇಕರಿನ ಸಂಖ್ಯೆಯು ಅದರ ಹಿಂದಿರುವ ತಂತಿಗಳಲ್ಲಿ ಎಲ್ಲಕ್ಕಿಂತ ಸಣ್ಣದಕ್ಕೆ ಒಪ್ಪುವುದೆ? ಕೂಡಿಸಿದ ಸಂಧಿಯು ಎರಡನ್ನೂ ಸಮವಾಗಿ ಹಿಡಿದಿದೆಯೆ? ಇವುಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ಉಳಿದೆರಡರ ಸರಿಯು ಪ್ರಯೋಜನಕ್ಕೆ ಬಾರದು. ನಮ್ಮ ಮನೆಯಲ್ಲಿ ಮೂರೂ ತಪ್ಪಿದ್ದವು.

ತಪ್ಪಿದ್ದು ಏಕೆಂಬುದನ್ನೂ ಯೋಚಿಸಬೇಕು. ಶಿವನಸಮುದ್ರದ ವಿದ್ಯುತ್ತು ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ೧೯೦೨ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ. ನಾಡಿನ ಮನೆಮನೆಗೆ ಅದು ಬಂದು ಸೇರುವುದಕ್ಕೆ ಇನ್ನೂ ಎಷ್ಟೋ ದಶಕಗಳು ಹಿಡಿದವು; ಬಂದಾಗಲೂ ನಡುಮನೆಗೊಂದು ಬಲ್ಬು, ಅಡಿಗೆಮನೆಗೊಂದು. ಆ ಲೆಕ್ಕದಲ್ಲಿ ಕಟ್ಟಿದ ಪೆಟ್ಟಿಗೆಗಳಿಗೆ ನಾವು ಒಂದೊಂದಾಗಿ ಫ್ರಿಜ್ಜು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಗೀಸರು, ಇಂಡಕ್ಷನ್ ಒಲೆ, ಈಗ ಸ್ಕೂಟರಿನ ಚಾರ್ಜರು ಎಂದು ತಂದು ಸೇರಿಸಿದ್ದೇವೆ. ನೆಂಟರು ಹೆಚ್ಚಿದರೆ ಮನೆಗೆ ಕೋಣೆ ಕಟ್ಟಿಸುತ್ತೇವೆ. ಉಪಕರಣ ಹೆಚ್ಚಿದರೆ ಪೆಟ್ಟಿಗೆಗೆ ಖಾನೆ ಹೆಚ್ಚಿಸಬೇಕೆಂಬುದು ನಮಗೆ ಹೊಳೆಯುವುದಿಲ್ಲ. ಕಾಣುವ ಗೀಸರಿಗೆ ಸಾವಿರಾರು ರೂಪಾಯಿ ಕೊಟ್ಟು, ಕಾಣದ ಖಾನೆಗೆ ನೂರರಲ್ಲಿ ಚೌಕಾಶಿ ಮಾಡುತ್ತೇವೆ. ತರುಣನನ್ನು ದೂರುವುದು ಸುಲಭ. ಆದರೆ ಅವನು ನನ್ನ ಮುಂದೆ ಎರಡು ದಾರಿಗಳನ್ನು ಇಟ್ಟಿದ್ದ. ಅಗ್ಗದ್ದನ್ನು ಆರಿಸಿದವನು ನಾನು. ಮಾಡಿದ ಕೈ ಅವನದು, ಮಾಡಿಸಿದ ನಾಲಗೆ ನನ್ನದು.

ಹಿರಿಯರು ಎರಡು ದಿನ ಕೆಲಸ ಮಾಡಿದರು. ಗೋಡೆ ಒಡೆದು ಹನ್ನೆರಡು ಖಾನೆಯ ಪೆಟ್ಟಿಗೆ ಕೂರಿಸಿದರು. ಬೆಂದುಹೋದ ತಂತಿಯನ್ನು ಪೈಪಿನಿಂದ ಎಳೆದು ತೆಗೆದು ಹೊಸದನ್ನು ಹಾಕಿದರು. ಗೀಸರಿಗೆ ಬೇರೆ ೧೬ರ ಬ್ರೇಕರು, ಒಲೆಗೆ ಬೇರೆ, ಅಡಿಗೆಮನೆಯ ಉಳಿದುದಕ್ಕೆ ಬೇರೆ. ಒಂದೊಂದರ ತಿರುಪಿನ ಕೆಳಗೂ ಒಂದೇ ತಂತಿ. ಎರಡು ಕೋಣೆಗಳ ದೀಪದ ತಂತಿಗಳನ್ನು ಮಾತ್ರ ಒಂದು ಬ್ರೇಕರಿಗೆ ಕೂಡಿಸಬೇಕಾಗಿತ್ತು. ಅವನ್ನು ಅವರು ತಿರುಪಿನ ಕೆಳಗೆ ತುರುಕಲಿಲ್ಲ. ಅದೇ ಗಾತ್ರದ ಒಂದು ತುಂಡು ತಂತಿಯೊಡನೆ ಮೂರನ್ನೂ ಒಂದು ಕನೆಕ್ಟರಿನಲ್ಲಿ ಬೇರೆ ಬೇರೆ ರಂಧ್ರಗಳಲ್ಲಿ ಬಿಗಿದು, ಆ ತುಂಡನ್ನು ಮಾತ್ರ ಬ್ರೇಕರಿಗೆ ಕೊಟ್ಟರು. ಪ್ರತಿಯೊಂದು ತಂತಿಯನ್ನೂ ಬಿಗಿದ ಮೇಲೆ ಒಮ್ಮೆ ಎಳೆದು ನೋಡಿದರು. ಹಿಂತಿರುಗಿ ಬರುವ ನ್ಯೂಟ್ರಲ್ ತಂತಿಗಳಿಗೂ ಅದೇ ಮರ್ಯಾದೆ. ಹೋದಷ್ಟೇ ಪ್ರವಾಹ ಅವುಗಳಲ್ಲೂ ಬರುವುದರಿಂದ ಅಲ್ಲಿನ ಸಡಿಲೂ ಅಷ್ಟೇ ಕೆಟ್ಟದ್ದು.

"ಮನುಷ್ಯರನ್ನ ಕಾಯೋದು ಇದು" ಎಂದು ಇನ್ನೊಂದು ಅಗಲವಾದ ಡಬ್ಬಿಯನ್ನು ತೋರಿಸಿದರು. ಅದರ ಹೆಸರು ಆರ್.ಸಿ.ಸಿ.ಬಿ. ಹೋದ ಪ್ರವಾಹಕ್ಕೂ ಬಂದ ಪ್ರವಾಹಕ್ಕೂ ೩೦ ಮಿಲಿಆಂಪಿಯರಿನ ವ್ಯತ್ಯಾಸ ಕಂಡರೆ, ಅಂದರೆ ಅಷ್ಟು ವಿದ್ಯುತ್ತು ಯಾರದೋ ಮೈಮೂಲಕ ನೆಲಕ್ಕೆ ಇಳಿಯುತ್ತಿದೆಯೆಂಬ ಸಂಶಯ ಬಂದರೆ, ಅದು ಥಟ್ಟನೆ ಕಡಿದುಬಿಡುತ್ತದೆ. ಬಚ್ಚಲಿನ ಒದ್ದೆ ನೆಲದಲ್ಲಿ ನಿಲ್ಲುವವರಿಗೆ ಇದು ಬೇಕು. ಆದರೆ ಸಡಿಲ ತಿರುಪನ್ನು ಇದೂ ಕಾಣಲಾರದು. ಅ ಕಾವಲಿಗೆ ಮನುಷ್ಯನ ಕಣ್ಣು, ಕೈ, ಮೂಗುಗಳೇ ಗತಿ.

ಓದುಗರಲ್ಲಿ ಒಂದು ಬಿನ್ನಹ. ಇದನ್ನೋದಿ ಯಾರೂ ತಾವೇ ಪೆಟ್ಟಿಗೆ ಬಿಚ್ಚಹೋಗಬಾರದು. ಪೆಟ್ಟಿಗೆಯ ಮೇನನ್ನು ಆರಿಸಿದರೂ ಮೀಟರಿನಿಂದ ಅದರವರೆಗೆ ಬರುವ ತಂತಿಯಲ್ಲಿ ಜೀವವಿರುತ್ತದೆ. ಬಲ್ಲವರನ್ನು ಕರೆಸಿ, ಒಂದೊಂದು ತಿರುಪಿನ ಕೆಳಗೆ ಎಷ್ಟು ತಂತಿಗಳಿವೆಯೆಂದು ಕೇಳಿದರೆ ಸಾಕು. ಮುಚ್ಚಳ ಬಿಸಿಯಾದರೆ, ಕಮಟು ವಾಸನೆ ಬಂದರೆ, ದೀಪಗಳು ಮಿನುಗಿದರೆ, ಒಳಗಿನಿಂದ ಚಿರಚಿರ ಸದ್ದು ಕೇಳಿದರೆ, ಮನೆಯ ಹಿರಿಯರ ಮಾತಿಗೆ ನಗಬೇಡಿ.

ಕೆಲಸ ಮುಗಿದಾಗ ಪೆಟ್ಟಿಗೆಯಲ್ಲಿ ಎರಡು ಖಾನೆಗಳು ಬರಿದಾಗಿ ಉಳಿದಿದ್ದವು. "ಇವು ಸುಮ್ಮನೆ ಖಾಲಿ ಇದ್ದಾವಲ್ಲ, ಯಜಮಾನರೇ?" ಎಂದೆ.

"ಖಾಲಿ ಅಲ್ಲ ಮೇಷ್ಟ್ರೇ, ನಾಳೆಗೆ ಇಟ್ಟಿರೋದು" ಎಂದರು. ಹೋಗುವ ಮುನ್ನ, ಯಾವ ಬ್ರೇಕರು ಯಾವುದರದೆಂದು ಚೀಟಿ ಬರೆದು ಅಂಟಿಸಲು ಹೇಳಿದರು. ಕನ್ನಡದಲ್ಲಿ ಬರೆದು ಅಂಟಿಸಿದೆ: ನಡುಮನೆ, ಅಡಿಗೆಮನೆ, ಒಲೆ, ಅಮ್ಮನ ಬಚ್ಚಲು. ನನ್ನ ಬರೆಹಗಳಲ್ಲಿ ಇಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲವೆಂದು ತಾಯಿಯವರು ಅಂದರು.

ಹೋದ ದೀಪಾವಳಿಯಲ್ಲಿ ಮನೆ ತುಂಬ ನೆಂಟರಿದ್ದರು. ಅಡಿಗೆಮನೆಯಲ್ಲಿ ಯಾರೋ ಕೆಟಲಿನ ಜೊತೆಗೆ ಇನ್ನೆರಡು ಉಪಕರಣಗಳನ್ನು ಹಚ್ಚಿದರು. ಹೊಸ ಬ್ರೇಕರು ಟಕ್ಕೆಂದು ಬಿತ್ತು. "ಥೂ, ಇದೊಂದು ಕಾಟ" ಎಂದು ನೆಂಟರೊಬ್ಬರು ಗೊಣಗಿದರು. ನಾನು ಹೋಗಿ ಮೊದಲು ಮುಚ್ಚಳದ ಮೇಲೆ ಅಂಗೈಯಿಟ್ಟು ನೋಡಿದೆ, ತಣ್ಣಗಿತ್ತು. ಒಂದು ಉಪಕರಣವನ್ನು ಆರಿಸಲು ಹೇಳಿದೆ. ಅನಂತರ ಗುಂಡಿಯನ್ನು ಮೇಲಕ್ಕೆತ್ತಿದೆ.